ಪ್ರೊಟಿಸ್ಟ್‌ಗಳು: ಸಸ್ಯವೂ ಅಲ್ಲದ, ಪ್ರಾಣಿಯೂ ಅಲ್ಲದ ಜೀವಲೋಕ

ಜೀವಜಗತ್ತನ್ನು ಸಸ್ಯ ಮತ್ತು ಪ್ರಾಣಿ ಎಂದು ಎರಡಾಗಿ ವಿಂಗಡಿಸಿ ನೋಡುವುದು ನಮಗೆಲ್ಲರಿಗೂ ಬಾಲ್ಯದಿಂದಲೇ ರೂಢಿಯಾಗಿದೆ. ಬೇರೂರಿ ನಿಂತು ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುವುದು ಸಸ್ಯ. ಚಲಿಸುತ್ತ ಅನ್ಯ ಜೀವಿಗಳನ್ನು ತಿಂದು ಬದುಕುವುದು ಪ್ರಾಣಿ. ಆದರೆ ಕೆರೆಯ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಈ ವಿಂಗಡಣೆ ನಿಲ್ಲುವುದಿಲ್ಲ. ಅಲ್ಲಿ ಹಸಿರು ಬಣ್ಣದ ಯೂಗ್ಲೀನಾ ಎಂಬ ಜೀವಿ ಬಿಸಿಲಿದ್ದಾಗ ಗಿಡದಂತೆ ಆಹಾರ ತಯಾರಿಸುತ್ತದೆ. ಬೆಳಕು ಸಿಗದಿದ್ದಾಗ ಸುತ್ತಲಿನ ನೀರಿನಿಂದಲೇ ಪೋಷಕಾಂಶಗಳನ್ನು ಹೀರಿ ಬದುಕುತ್ತದೆ. ಬಾಲದಂತಹ ಎಳೆಯನ್ನು ಬೀಸುತ್ತ ಮೀನಿನಂತೆ ಈಜುತ್ತದೆ. ಇದನ್ನು ಗಿಡವೆನ್ನೋಣವೆ, ಪ್ರಾಣಿಯೆನ್ನೋಣವೆ?

ಇಂತಹ ಅಸಂಖ್ಯ ಜೀವಿಗಳಿಗೆ ವಿಜ್ಞಾನವು ಕೊಟ್ಟಿರುವ ಒಟ್ಟು ಹೆಸರೇ ‘ಪ್ರೊಟಿಸ್ಟ್‌ಗಳು’. ಹೆಸರು ಅಪರಿಚಿತವೆನಿಸಿದರೂ ಇವು ನಮಗೆ ಅಪರಿಚಿತವಲ್ಲ. ಮಲೇರಿಯಾ ಜ್ವರ, ಮಲೆನಾಡಿನ ಅಡಿಕೆಗೆ ತಗಲುವ ಕೊಳೆರೋಗ, ರಾತ್ರಿಯ ಕಡಲಿನಲ್ಲಿ ಮಿನುಗುವ ನೀಲಿ ಬೆಳಕು, ನಾವು ಉಸಿರಾಡುವ ಆಮ್ಲಜನಕದ ಒಂದು ದೊಡ್ಡ ಪಾಲು, ಇವೆಲ್ಲದರ ಹಿಂದೆ ಇರುವುದು ಈ ಬಳಗವೇ.

ಹೆಸರು ಬಂದ ಬಗೆ

1674ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಮಸೂರದ ಮೂಲಕ ಸರೋವರದ ನೀರನ್ನು ಪರೀಕ್ಷಿಸಿ, ಅದರಲ್ಲಿ ಓಡಾಡುವ ಅತಿ ಚಿಕ್ಕ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಪ್ರೊಟಿಸ್ಟ್‌ಗಳನ್ನು ಮನುಷ್ಯನ ಕಣ್ಣು ಮೊದಲ ಬಾರಿಗೆ ಕಂಡದ್ದು ಆಗಲೇ. ಅಲ್ಲಿಂದ ಸುಮಾರು ಇನ್ನೂರು ವರ್ಷಗಳ ಕಾಲ ಇವುಗಳಲ್ಲಿ ಹಸಿರಾದವುಗಳನ್ನು ಸಸ್ಯಶಾಸ್ತ್ರಜ್ಞರೂ, ಚಲಿಸುವವುಗಳನ್ನು ಪ್ರಾಣಿಶಾಸ್ತ್ರಜ್ಞರೂ ತಮ್ಮ ತಮ್ಮ ಪಟ್ಟಿಗೆ ಸೇರಿಸಿಕೊಂಡರು. ಯೂಗ್ಲೀನಾದಂತಹವು ಎರಡೂ ಪಟ್ಟಿಗಳಲ್ಲಿದ್ದವು. 1866ರಲ್ಲಿ ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಇವುಗಳಿಗಾಗಿ ‘ಪ್ರೊಟಿಸ್ಟಾ’ ಎಂಬ ಮೂರನೆಯ ಸಾಮ್ರಾಜ್ಯವನ್ನೇ ಪ್ರತ್ಯೇಕಿಸಿದರು. ಮುಂದೆ 1969ರಲ್ಲಿ ಅಮೆರಿಕದ ರಾಬರ್ಟ್ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವರ್ಗೀಕರಣದಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು. ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತ ಬಂದದ್ದು ಈ ವರ್ಗೀಕರಣವನ್ನೇ.

ಪ್ರೊಟಿಸ್ಟ್ ಎಂದರೆ ಏನೆಂಬುದನ್ನು ಹೀಗೆ ಸಂಗ್ರಹಿಸಬಹುದು: ಜೀವಕೋಶದೊಳಗೆ ಪೊರೆಯಿಂದ ಸುತ್ತುವರಿದ ಕೋಶಕೇಂದ್ರವಿರಬೇಕು, ಆದರೆ ಆ ಜೀವಿ ಸಸ್ಯ, ಪ್ರಾಣಿ, ಶಿಲೀಂಧ್ರ ಈ ಮೂರರಲ್ಲಿ ಯಾವುದಕ್ಕೂ ಸೇರಿರಬಾರದು. ಬ್ಯಾಕ್ಟೀರಿಯಾಗಳಿಗೆ ಕೋಶಕೇಂದ್ರವಿಲ್ಲದ ಕಾರಣ ಅವು ಪ್ರೊಟಿಸ್ಟ್‌ಗಳಲ್ಲ. ಹೆಚ್ಚಿನ ಪ್ರೊಟಿಸ್ಟ್‌ಗಳು ಏಕಕೋಶ ಜೀವಿಗಳು. ಉಣ್ಣುವುದು, ಉಸಿರಾಡುವುದು, ಚಲಿಸುವುದು, ವಂಶವನ್ನು ಬೆಳೆಸುವುದು ಎಲ್ಲವನ್ನೂ ಆ ಒಂದೇ ಕೋಶವು ನಿರ್ವಹಿಸುತ್ತದೆ.

ಓದುಗರು ಗಮನಿಸಿರಬಹುದು, ಈ ವ್ಯಾಖ್ಯೆಯಲ್ಲಿ ‘ಇದಲ್ಲ, ಅದಲ್ಲ’ ಎಂಬುದೇ ಹೆಚ್ಚು. ಬ್ಯಾಂಕುಗಳ ಲೆಕ್ಕಪತ್ರದಲ್ಲಿ ‘ಸಸ್ಪೆನ್ಸ್ ಖಾತೆ’ ಎಂಬುದೊಂದಿರುತ್ತದೆ. ಯಾರ ಖಾತೆಗೆ ಸೇರಬೇಕೆಂದು ಖಚಿತವಾಗದ ಮೊತ್ತವನ್ನು ಸದ್ಯಕ್ಕೆ ಅದರಲ್ಲಿ ಇರಿಸಿ, ಗುರುತು ಸಿಕ್ಕಿದ ಬಳಿಕ ಸರಿಯಾದ ಖಾತೆಗೆ ವರ್ಗಾಯಿಸಲಾಗುತ್ತದೆ. ಪ್ರೊಟಿಸ್ಟಾ ಎಂಬುದು ಜೀವವಿಜ್ಞಾನದ ಸಸ್ಪೆನ್ಸ್ ಖಾತೆ. ಇದರಲ್ಲಿರುವ ಜೀವಿಗಳೆಲ್ಲ ಒಂದೇ ವಂಶದವಲ್ಲ. ಅವುಗಳ ನಿಜವಾದ ಗುರುತು ಹಿಡಿಯುವ ಕಾರ್ಯ ಇಂದಿಗೂ ನಡೆದಿದೆ. ಇದು ಕೇವಲ ಪಂಡಿತರ ಚರ್ಚೆಯಲ್ಲ. ರೋಗಕ್ಕೆ ತಕ್ಕ ಔಷಧ, ಬೆಳೆಗೆ ತಕ್ಕ ಸಿಂಪಡಣೆ ಈ ಗುರುತನ್ನು ಅವಲಂಬಿಸಿವೆ ಎಂಬುದನ್ನು ಮುಂದೆ ನೋಡೋಣ.

ಅಧ್ಯಯನದ ಅನುಕೂಲಕ್ಕಾಗಿ ಪ್ರೊಟಿಸ್ಟ್‌ಗಳನ್ನು ಪ್ರಾಣಿಗಳನ್ನು ಹೋಲುವವು, ಸಸ್ಯಗಳನ್ನು ಹೋಲುವವು ಮತ್ತು ಶಿಲೀಂಧ್ರಗಳನ್ನು ಹೋಲುವವು ಎಂದು ಮೂರು ಗುಂಪುಗಳಾಗಿ ಮಾಡುವುದು ವಾಡಿಕೆ.

ಪ್ರಾಣಿಗಳನ್ನು ಹೋಲುವವು

ಇವುಗಳನ್ನು ಪ್ರೊಟೊಜೋವಾ ಅಥವಾ ಆದಿಜೀವಿಗಳು ಎನ್ನುತ್ತಾರೆ. ಇವು ತಮ್ಮ ಆಹಾರವನ್ನು ತಾವೇ ತಯಾರಿಸಲಾರವು. ಚಲಿಸುವ ಬಗೆಯನ್ನು ಅನುಸರಿಸಿ ಇವುಗಳಲ್ಲಿ ನಾಲ್ಕು ವಿಧಗಳನ್ನು ಹೇಳುವುದುಂಟು.

ಮೊದಲನೆಯದು ಅಮೀಬಾ. ಇದಕ್ಕೆ ನಿಶ್ಚಿತವಾದ ಆಕಾರವಿಲ್ಲ. ದೇಹದ ಒಂದು ಭಾಗವನ್ನು ಮುಂದಕ್ಕೆ ಚಾಚಿ ತಾತ್ಕಾಲಿಕವಾದ ಕಾಲನ್ನು ಮಾಡಿಕೊಂಡು ತೆವಳುತ್ತದೆ. ಈ ಮಿಥ್ಯಾಪಾದಗಳಿಂದಲೇ ಆಹಾರವನ್ನು ಸುತ್ತುವರಿದು ನುಂಗುತ್ತದೆ. ಕೆರೆಕುಂಟೆಗಳ ಅಮೀಬಾ ನಿರುಪದ್ರವಿಯಾದರೂ ಅದರ ಸಂಬಂಧಿಯಾದ ಎಂಟಮೀಬಾ ಹಿಸ್ಟೊಲಿಟಿಕಾ ಮನುಷ್ಯನ ಕರುಳನ್ನು ಸೇರಿ ಆಮಶಂಕೆಯನ್ನು ಉಂಟುಮಾಡುತ್ತದೆ. ಅಮೀಬಾದ ದೂರದ ಬಳಗದಲ್ಲಿ ಸುಣ್ಣದ ಚಿಪ್ಪನ್ನು ಕಟ್ಟಿಕೊಳ್ಳುವ ಫೊರಾಮಿನಿಫೆರಾಗಳೂ ಇವೆ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಸುಣ್ಣಕಲ್ಲಿನಲ್ಲಿ ನಾಣ್ಯದಾಕಾರದ ಇಂತಹ ಚಿಪ್ಪುಗಳು ತುಂಬಿಕೊಂಡಿವೆ. ಪಿರಮಿಡ್ ಕಟ್ಟಿದ ಕೂಲಿಗಳು ತಿಂದುಳಿಸಿದ ಬೇಳೆಕಾಳು ಕಲ್ಲಾಗಿದೆ ಎಂಬ ಜನರ ನಂಬಿಕೆಯನ್ನು ಪ್ರಾಚೀನ ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ದಾಖಲಿಸಿದ್ದಾನೆ.

ಎರಡನೆಯದು ಕಶಾಂಗಿಗಳು. ಚಾವಟಿಯಂತಹ ಎಳೆಯನ್ನು ಬೀಸಿ ಇವು ಚಲಿಸುತ್ತವೆ. ಕಾಲಾ ಅಜಾರ್ ಎಂಬ ಮಾರಕ ಜ್ವರವನ್ನು ತರುವ ಲೀಶ್ಮೇನಿಯಾ ಈ ಗುಂಪಿಗೆ ಸೇರಿದೆ. 1903ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಲೀಶ್ಮನ್ ಹಾಗೂ ಮದರಾಸಿನಲ್ಲಿ ಚಾರ್ಲ್ಸ್ ಡೊನೊವಾನ್ ಪ್ರತ್ಯೇಕವಾಗಿ ಇದನ್ನು ವಿವರಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ ಲೀಶ್ಮೇನಿಯಾ ಡೊನೊವಾನಿ ಎಂದು ನಾಮಕರಣ ಮಾಡಿದವರು ರೋನಾಲ್ಡ್ ರಾಸ್. ಈ ರೋಗಕ್ಕೆ 1920ರ ದಶಕದಲ್ಲಿ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ಒದಗಿಸಿ ಅಸಂಖ್ಯ ಜೀವಗಳನ್ನು ಉಳಿಸಿದವರು ಕಲ್ಕತ್ತೆಯ ವೈದ್ಯ ಉಪೇಂದ್ರನಾಥ ಬ್ರಹ್ಮಚಾರಿ.

ಮೂರನೆಯದು ಲೋಮಾಂಗಿಗಳು. ಚಪ್ಪಲಿಯ ಆಕಾರದ ಪ್ಯಾರಮೀಸಿಯಂ ಇದಕ್ಕೆ ಉತ್ತಮ ಉದಾಹರಣೆ. ಮೈತುಂಬ ಇರುವ ನವಿರಾದ ರೋಮಗಳನ್ನು ಹುಟ್ಟುಗಳಂತೆ ಆಡಿಸುತ್ತ ಇದು ನೀರಿನಲ್ಲಿ ಸಾಗುತ್ತದೆ. ಒಂದೇ ಕೋಶದೊಳಗೆ ಬಾಯಿಯಂತಹ ಕುಳಿ, ಹೆಚ್ಚಾದ ನೀರನ್ನು ಹೊರಹಾಕುವ ಕುಹರ, ದಿನನಿತ್ಯದ ಕೆಲಸಕ್ಕೊಂದು ಮತ್ತು ವಂಶಾಭಿವೃದ್ಧಿಗೊಂದು ಎಂದು ಬೇರೆ ಬೇರೆ ಕೋಶಕೇಂದ್ರಗಳಿವೆ. ಏಕಕೋಶ ಜೀವಿ ಎಂದರೆ ಸರಳ ಜೀವಿ ಎಂಬ ಭಾವನೆ ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಾಲ್ಕನೆಯ ವಿಧದವು ಬೆಳೆದ ಹಂತದಲ್ಲಿ ಚಲನಾಂಗಗಳಿಲ್ಲದೆ, ಅನ್ಯ ಜೀವಿಗಳ ದೇಹದೊಳಗೆ ಪರಾವಲಂಬಿಯಾಗಿ ಬದುಕುತ್ತವೆ. ಮಲೇರಿಯಾವನ್ನು ತರುವ ಪ್ಲಾಸ್ಮೋಡಿಯಂ ಇವುಗಳಲ್ಲಿ ಮುಖ್ಯವಾದುದು.

ಮಲೇರಿಯಾ: ಬೆಂಗಳೂರಿನಿಂದ ಸಿಕಂದರಾಬಾದಿಗೆ

ಕೊಳೆತ ಜೌಗಿನ ಕೆಟ್ಟ ಗಾಳಿಯಿಂದ ಈ ಜ್ವರ ಬರುತ್ತದೆಂದು ಜನರು ಬಹುಕಾಲ ನಂಬಿದ್ದರು. ‘ಮಲೇರಿಯಾ’ ಎಂಬ ಇಟಾಲಿಯನ್ ಪದದ ಅರ್ಥವೇ ಕೆಟ್ಟ ಗಾಳಿ. 1880ರಲ್ಲಿ ಫ್ರೆಂಚ್ ಸೇನಾವೈದ್ಯ ಅಲ್ಫೋನ್ಸ್ ಲ್ಯಾವೆರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಪರಾವಲಂಬಿಯನ್ನು ಕಂಡರು. ಅದು ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ಹೋಗುತ್ತದೆಂಬುದು ಮಾತ್ರ ಒಗಟಾಗಿಯೇ ಉಳಿದಿತ್ತು.

ಆ ಒಗಟನ್ನು ಬಿಡಿಸಿದ ರೋನಾಲ್ಡ್ ರಾಸ್ 1857ರಲ್ಲಿ ಅಲ್ಮೋರಾದಲ್ಲಿ ಜನಿಸಿದವರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ಸೊಳ್ಳೆಗಳಿಗೆ ನಿಂತ ನೀರು ಸಿಗದಂತೆ ಮಾಡಿದರೆ ಅವುಗಳ ಕಾಟ ಕಡಿಮೆಯಾಗುವುದನ್ನು ಅವರು ಗಮನಿಸಿದ್ದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಮಲೇರಿಯಾ ರೋಗಿಯ ರಕ್ತವನ್ನು ಹೀರಿದ್ದ ಅನಾಫಿಲಿಸ್ ಸೊಳ್ಳೆಯ ಜಠರವನ್ನು ಸೀಳಿ ಪರೀಕ್ಷಿಸಿದಾಗ ಅದರ ಗೋಡೆಯಲ್ಲಿ ಪರಾವಲಂಬಿಯ ಕೋಶಗಳು ಕಂಡವು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಆಧರಿಸಿ ಸಂಪೂರ್ಣ ಜೀವನಚಕ್ರವನ್ನು ತೋರಿಸಿಕೊಟ್ಟರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಕೆಲಸ ಮಾಡಿದ ಕಟ್ಟಡ ಹೈದರಾಬಾದಿನ ಬೇಗಂಪೇಟೆಯಲ್ಲಿ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಅಲ್ಲಿನ ಕನ್ನಡಿಗರು ಮಕ್ಕಳನ್ನು ಕರೆದೊಯ್ದು ತೋರಿಸಬೇಕಾದ ಸ್ಥಳವದು.

ಸೊಳ್ಳೆಯ ಕಡಿತದಿಂದ ರಕ್ತವನ್ನು ಸೇರಿದ ಪ್ಲಾಸ್ಮೋಡಿಯಂ ಮೊದಲು ಯಕೃತ್ತಿನಲ್ಲಿ ಬೆಳೆದು, ಬಳಿಕ ಕೆಂಪು ರಕ್ತಕಣಗಳನ್ನು ಹೊಕ್ಕು ವೃದ್ಧಿಯಾಗುತ್ತದೆ. ಆ ಕಣಗಳು ಒಡೆಯುವ ವೇಳೆಗೆ ಚಳಿಜ್ವರ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಮಲೇರಿಯಾ ಪ್ರಕರಣಗಳಾಗಿ, ಸುಮಾರು 6 ಲಕ್ಷ ಜನರು ಮೃತಪಟ್ಟರು.

ಪ್ಲಾಸ್ಮೋಡಿಯಂನ ಗುರುತಿನ ಕಥೆ ಇಲ್ಲಿಗೆ ಮುಗಿಯಲಿಲ್ಲ. 1990ರ ದಶಕದಲ್ಲಿ ಅದರ ಕೋಶದೊಳಗೆ ಒಂದು ಪುಟ್ಟ ಅಂಗವನ್ನು ವಿಜ್ಞಾನಿಗಳು ಪತ್ತೆ ಹಚ್ಚಿದರು. ಅದು ಗಿಡಗಳಲ್ಲಿ ಹಸಿರು ಬಣ್ಣವನ್ನು ಹೊತ್ತಿರುವ ಕ್ಲೋರೋಪ್ಲಾಸ್ಟಿನ ಅವಶೇಷ! ಅಂದರೆ ಪ್ಲಾಸ್ಮೋಡಿಯಂನ ಪೂರ್ವಜರು ಒಂದು ಕಾಲದಲ್ಲಿ ಪಾಚಿಯಂತೆ ಬಿಸಿಲಿನಿಂದ ಬದುಕುತ್ತಿದ್ದವು. ಬೆಳಕಿನ ಕೆಲಸ ನಿಂತುಹೋದರೂ ಆ ಅಂಗವಿಲ್ಲದೆ ಪರಾವಲಂಬಿ ಬದುಕಲಾರದು. ಕ್ಲೋರೋಪ್ಲಾಸ್ಟುಗಳ ಮೂಲ ಬ್ಯಾಕ್ಟೀರಿಯಾ. ಆದುದರಿಂದ ಬ್ಯಾಕ್ಟೀರಿಯಾಗಳ ವಿರುದ್ಧ ಬಳಸುವ ಡಾಕ್ಸಿಸೈಕ್ಲಿನ್ ಎಂಬ ಔಷಧ ಈ ಅಂಗವನ್ನು ಕೆಡಿಸಿ ಮಲೇರಿಯಾವನ್ನು ತಡೆಯಬಲ್ಲದು. ಮಲೇರಿಯಾ ಪೀಡಿತ ಪ್ರದೇಶಗಳಿಗೆ ಹೋಗುವವರಿಗೆ ವೈದ್ಯರು ಇದನ್ನು ಕೊಡುವುದುಂಟು. ಶತ್ರುವಿನ ವಂಶಾವಳಿಯನ್ನು ಅರಿತರೆ ಅದರ ಮರ್ಮಸ್ಥಾನವೂ ತಿಳಿಯುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ಸಸ್ಯಗಳನ್ನು ಹೋಲುವವು

ಎರಡನೆಯ ಗುಂಪಿನವು ಪಾಚಿಗಳು. ಇವು ಪತ್ರಹರಿತ್ತಿನ ಸಹಾಯದಿಂದ ಬೆಳಕನ್ನು ಬಳಸಿಕೊಂಡು ಆಹಾರವನ್ನು ತಯಾರಿಸುತ್ತವೆ. ಯೂಗ್ಲೀನಾವನ್ನು ಈಗಾಗಲೇ ಹೆಸರಿಸಿದ್ದೇವೆ.

ಇವುಗಳಲ್ಲಿ ಅಗ್ರಸ್ಥಾನ ಡಯಾಟಮ್‌ಗಳಿಗೆ ಸಲ್ಲಬೇಕು. ಗಾಜಿನ ಮೂಲವಸ್ತುವಾದ ಸಿಲಿಕಾದಿಂದ ಇವು ತಮ್ಮ ಕವಚವನ್ನು ಕಟ್ಟಿಕೊಳ್ಳುತ್ತವೆ. ಕುಂಕುಮದ ಕರಡಿಗೆಯಂತೆ ಆ ಕವಚಕ್ಕೆ ತಳ ಮತ್ತು ಮುಚ್ಚಳ ಎಂಬ ಎರಡು ಭಾಗಗಳಿವೆ. ಒಂದು ಡಯಾಟಮ್ ಎರಡಾಗುವಾಗ ಎರಡು ಭಾಗಗಳೂ ಮುಚ್ಚಳಗಳಾಗಿ, ತಮ್ಮೊಳಗೆ ಹೊಸ ತಳವನ್ನು ಕಟ್ಟಿಕೊಳ್ಳುತ್ತವೆ. ಸಮುದ್ರ, ನದಿ, ಕೆರೆಗಳಲ್ಲಿ ತೇಲುವ ಈ ಕಣ್ಣಿಗೆ ಕಾಣದ ಕರಡಿಗೆಗಳು ಭೂಮಿಯ ಮೇಲೆ ಪ್ರತಿವರ್ಷ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಐದನೆಯ ಒಂದು ಭಾಗವನ್ನು ಒದಗಿಸುತ್ತವೆಂದು ಅಂದಾಜು. ಕಾಡುಗಳಿಗೆ ನಾವು ಸಲ್ಲಿಸುವ ಕೃತಜ್ಞತೆಯಲ್ಲಿ ಇವುಗಳಿಗೂ ಪಾಲಿರಬೇಕು. ಸತ್ತ ಡಯಾಟಮ್‌ಗಳ ಕವಚಗಳು ತಳದಲ್ಲಿ ಶೇಖರವಾಗಿ ಮಣ್ಣಾಗುತ್ತವೆ. ಸ್ಫೋಟಕ ದ್ರವವನ್ನು ಆ ಮಣ್ಣಿನಲ್ಲಿ ಇಂಗಿಸಿ ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟ್ ತಯಾರಿಸಿದರು. ನೀರನ್ನು ಸೋಸಲು ಅದೇ ಮಣ್ಣು ಇಂದಿಗೂ ಬಳಕೆಯಲ್ಲಿದೆ.

ಡೈನೋಫ್ಲಾಜೆಲೇಟ್‌ಗಳು ಇನ್ನೊಂದು ಬಗೆ. ಇವುಗಳಲ್ಲೊಂದಾದ ನಾಕ್ಟಿಲೂಕಾ ಅಲೆಗಳು ಕಲಕಿದಾಗ ನೀಲಿ ಬೆಳಕನ್ನು ಸೂಸುತ್ತದೆ. 2019ರ ಆಗಸ್ಟಿನಲ್ಲಿ ಚೆನ್ನೈಯ ಕಡಲತೀರದಲ್ಲಿ, 2020ರ ಕೊನೆಯಲ್ಲಿ ಮುಂಬಯಿಯ ಜುಹೂ ಮತ್ತು ಉಡುಪಿಯ ಮಲ್ಪೆ ಕಡೆಗಳಲ್ಲಿ ಜನರು ಬೆರಗಾಗಿ ನೋಡಿದ ಹೊಳೆಯುವ ಅಲೆಗಳು ಇದರವೇ. ನೋಡಲು ಚೆಂದವಾದರೂ ಇದು ವಿಪರೀತ ಹೆಚ್ಚಿದಾಗ ನೀರಿನಲ್ಲಿ ಅಮೋನಿಯಾ ಏರಿ, ಆಮ್ಲಜನಕ ಕುಗ್ಗಿ ಮೀನುಗಳಿಗೆ ಕುತ್ತಾಗುತ್ತದೆ. ಅದೇ ಬಳಗದ ಇನ್ನು ಕೆಲವು ಲಕ್ಷದ್ವೀಪದಂತಹ ಕಡೆಗಳಲ್ಲಿ ಹವಳದ ಜೀವಿಗಳ ಒಡಲೊಳಗೆ ನೆಲೆಸಿ ಅವಕ್ಕೆ ಆಹಾರವನ್ನು ಕೊಡುತ್ತವೆ. ಸಮುದ್ರ ಬಿಸಿಯೇರಿದಾಗ ಈ ನಂಟು ಕಡಿದು ಹವಳಗಳು ಬಿಳಿಚಿಕೊಳ್ಳುತ್ತವೆ.

ಪಾಚಿಗಳೆಲ್ಲ ಸೂಕ್ಷ್ಮವೆಂದು ಭಾವಿಸಬಾರದು. ಕಂದು ಪಾಚಿಯ ಬಗೆಯಾದ ಕೆಲ್ಪ್ ತಂಪು ಸಮುದ್ರಗಳಲ್ಲಿ 40 ಮೀಟರಿಗೂ ಮೀರಿ ಬೆಳೆಯುತ್ತದೆ. ಪುಡ್ಡಿಂಗ್ ಗಟ್ಟಿಯಾಗಲು ನಮ್ಮ ಗೃಹಿಣಿಯರು ಬಳಸುವ ಚೈನಾಗ್ರಾಸ್ ದೊರೆಯುವುದು ಕೆಂಪು ಪಾಚಿಯಿಂದ. ಕೆಂಪು ಮತ್ತು ಹಸಿರು ಪಾಚಿಗಳು ಸಸ್ಯಗಳಿಗೆ ನಿಕಟ ಬಂಧುಗಳಾದುದರಿಂದ ಅವುಗಳನ್ನು ಸಸ್ಯಗಳ ಜೊತೆಗೇ ಇರಿಸುವ ವಿಜ್ಞಾನಿಗಳೂ ಇದ್ದಾರೆ.

ಶಿಲೀಂಧ್ರಗಳನ್ನು ಹೋಲುವವು: ಕೊಳೆರೋಗದ ಪಾಠ

ಮೂರನೆಯ ಗುಂಪಿನಲ್ಲಿ ಲೋಳೆ ಬೂಷ್ಟುಗಳು ಮತ್ತು ನೀರಿನ ಬೂಷ್ಟುಗಳು ಸೇರುತ್ತವೆ. ಕೊಳೆತ ಮರದ ಮೇಲೆ ಹಳದಿ ಲೋಳೆಯಂತೆ ಹರಡುವ ಫೈಸಾರಮ್ ಎಂಬ ಲೋಳೆ ಬೂಷ್ಟಿಗೆ ಮಿದುಳಾಗಲಿ ನರಗಳಾಗಲಿ ಇಲ್ಲ. ಆದರೂ 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಟೋಕಿಯೊ ಸುತ್ತಲಿನ ಊರುಗಳಿರುವ ಜಾಗಗಳಲ್ಲಿ ಓಟ್ಸ್ ಕಾಳುಗಳನ್ನಿಟ್ಟಾಗ, ಅವುಗಳನ್ನು ಜೋಡಿಸಲು ಅದು ಹೆಣೆದ ಜಾಲವು ಅಲ್ಲಿನ ರೈಲುಮಾರ್ಗಗಳ ಜಾಲವನ್ನೇ ಬಹುಮಟ್ಟಿಗೆ ಹೋಲುತ್ತಿತ್ತು. ಲೋಕಲ್ ರೈಲಿನಲ್ಲಿ ದಿನವೂ ಓಡಾಡುವ ನಾವು ಇದನ್ನು ಕೇಳಿ ಅಚ್ಚರಿಪಡಬೇಕು.

ನೀರಿನ ಬೂಷ್ಟುಗಳ ಕಥೆ ಅಷ್ಟು ಹಗುರವಾದುದಲ್ಲ. ಇವುಗಳಲ್ಲಿ ಫೈಟಾಫ್ತೊರಾ ಎಂಬ ಕುಲದ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ‘ಸಸ್ಯನಾಶಕ’ ಎಂದೇ ಅರ್ಥ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ, ಸುಮಾರು 10 ಲಕ್ಷ ಜನರ ಸಾವಿಗೂ ಅಷ್ಟೇ ದೊಡ್ಡ ಸಂಖ್ಯೆಯ ಜನರ ವಲಸೆಗೂ ಕಾರಣವಾದದ್ದು ಇದರದೊಂದು ಪ್ರಭೇದ. ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರು ಅಂಗಮಾರಿ ಎನ್ನುವುದು ಇದೇ ರೋಗವನ್ನು. ಕಾಳುಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗಕ್ಕೂ, ಅಡಿಕೆಯ ಕೊಳೆರೋಗಕ್ಕೂ ಇದೇ ಕುಲದ ಇತರ ಪ್ರಭೇದಗಳು ಕಾರಣ.

ಮಲೆನಾಡು ಮತ್ತು ಕರಾವಳಿಯಿಂದ ಬಂದ ಕುಟುಂಬಗಳಿಗೆ ಕೊಳೆರೋಗದ ಪರಿಚಯ ಹೇಳಬೇಕಾಗಿಲ್ಲ. ಮಳೆ ಹಿಡಿದ ಕೆಲವೇ ದಿನಗಳಲ್ಲಿ ಎಳೆಯ ಅಡಿಕೆ ಕೊಳೆತು ಉದುರಿ, ವರ್ಷದ ಆದಾಯವೇ ಮಣ್ಣುಪಾಲಾಗುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದು ಹಿಂದಿನವರು ಕಂಡುಕೊಂಡ ಉಪಾಯ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ, ಫೈಟಾಫ್ತೊರಾ ಅದಕ್ಕೆ ಕಾರಣವೆಂದು 1910ರಲ್ಲಿ ವಿವರಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣ ತಲಾ 1 ಕಿಲೋವನ್ನು 100 ಲೀಟರ್ ನೀರಿಗೆ ಬೆರೆಸುವ ಈ ದ್ರಾವಣವನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಬಳಿಕ ಸುಮಾರು 40 ದಿನಗಳ ಅಂತರದಲ್ಲಿ ಮತ್ತೊಮ್ಮೆ ಗೊನೆಗಳಿಗೆ ಹೊಡೆಯುವುದು ಇಂದಿಗೂ ನಡೆದುಬಂದಿದೆ.

ಈ ರೋಗಾಣುವನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾಗಿತ್ತು. ಎಳೆಎಳೆಯಾಗಿ ಹರಡುವ ಬಿಳಿ ಬೂಷ್ಟನ್ನು ನೋಡಿದರೆ ಹಾಗೆಯೇ ಅನಿಸುತ್ತದೆ. ಆದರೆ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿರುವ ಮುಖ್ಯ ವಸ್ತು ಕೈಟಿನ್. ಇದರಲ್ಲಿರುವುದು ಸೆಲ್ಯುಲೋಸ್ ಮತ್ತು ಅದರ ಜಾತಿಯ ವಸ್ತುಗಳು. ಇದರ ಬೀಜಾಣುಗಳು ಎರಡು ಕಶಾಂಗಗಳನ್ನು ಬೀಸುತ್ತ ನೀರಿನಲ್ಲಿ ಈಜುತ್ತವೆ. ಮಳೆಯಲ್ಲಿಯೇ ಕೊಳೆರೋಗ ಏಕೆ ಹರಡುತ್ತದೆ, ಕೊಟ್ಟೆ ಕಟ್ಟಿದ ಗೊನೆ ಏಕೆ ಉಳಿಯುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಗುರುತು ತಪ್ಪಿದರೆ ಹಣವೂ ವ್ಯರ್ಥ: ನಿಜವಾದ ಶಿಲೀಂಧ್ರಗಳ ಮೇಲೆ ಪರಿಣಾಮಕಾರಿಯಾದ ಕಾರ್ಬೆಂಡಜಿಮ್ ಈ ಕುಲಕ್ಕೆ ನಾಟುವುದಿಲ್ಲ, ನೀರಿನ ಬೂಷ್ಟುಗಳಿಗೆಂದೇ ಇರುವ ಮೆಟಲಾಕ್ಸಿಲ್ ನಾಟುತ್ತದೆ.

ದಾಯಾದಿಗಳ ಹೊಸ ಲೆಕ್ಕ

ಜೀವಿಗಳ ಡಿಎನ್‌ಎಯನ್ನು ಹೋಲಿಸಿ ನೋಡುವ ವಿಧಾನ ಬಂದ ಮೇಲೆ ಮೇಲಿನ ಮೂರು ಗುಂಪುಗಳು ಹೊರರೂಪದ ವಿಂಗಡಣೆ ಮಾತ್ರವೆಂಬುದು ಸ್ಪಷ್ಟವಾಗಿದೆ. ಅಡಿಕೆಯನ್ನು ಕೊಳೆಸುವ ಫೈಟಾಫ್ತೊರಾ, ಗಾಜಿನ ಕರಡಿಗೆಯ ಡಯಾಟಮ್, ಸಮುದ್ರದ ಕೆಲ್ಪ್, ಈ ಮೂರೂ ಒಂದೇ ವಂಶದ ದಾಯಾದಿಗಳು. ಕಡಲಿನಲ್ಲಿ ಬೆಳಗುವ ನಾಕ್ಟಿಲೂಕಾ, ಚಪ್ಪಲಿಯಾಕಾರದ ಪ್ಯಾರಮೀಸಿಯಂ, ಮಲೇರಿಯಾದ ಪ್ಲಾಸ್ಮೋಡಿಯಂ ಇನ್ನೊಂದು ವಂಶಕ್ಕೆ ಸೇರಿವೆ. ಲೋಳೆ ಬೂಷ್ಟು ಅಮೀಬಾಕ್ಕೆ ಹತ್ತಿರದ್ದು. ಶಿಲೀಂಧ್ರಗಳಾದರೋ ಗಿಡಗಳಿಗಿಂತ ನಮಗೆ, ಅಂದರೆ ಪ್ರಾಣಿಗಳಿಗೆ, ಹೆಚ್ಚು ಹತ್ತಿರ. ಹೀಗೆ ಸಸ್ಪೆನ್ಸ್ ಖಾತೆಯಲ್ಲಿದ್ದವು ಒಂದೊಂದಾಗಿ ತಮ್ಮ ತಮ್ಮ ಖಾತೆಗಳನ್ನು ಸೇರುತ್ತಿವೆ. ‘ಪ್ರೊಟಿಸ್ಟ್’ ಎಂಬ ಹೆಸರು ಮಾತ್ರ ಬಳಕೆಯ ಅನುಕೂಲಕ್ಕಾಗಿ ಉಳಿದುಕೊಂಡಿದೆ.

ಮನೆಮಂದಿ ಗಮನಿಸಬೇಕಾದುದು

ಮಹಾನಗರಗಳಲ್ಲಿ ನೆಲೆಸಿರುವ ನಮಗೆ ನಳದ ನೀರಿಗೆ ಕ್ಲೋರಿನ್ ಹಾಕಿದ್ದಾರೆಂಬ ಧೈರ್ಯವಿರುತ್ತದೆ. ಬ್ಯಾಕ್ಟೀರಿಯಾಗಳ ಮಟ್ಟಿಗೆ ಆ ಧೈರ್ಯ ಬಹುಪಾಲು ಸರಿ. ಆದರೆ ಎಂಟಮೀಬಾ, ಜಿಯಾರ್ಡಿಯಾ ಮುಂತಾದ ಪ್ರೊಟಿಸ್ಟ್‌ಗಳು ಪ್ರತಿಕೂಲ ಸಮಯದಲ್ಲಿ ಗಟ್ಟಿ ಕವಚವನ್ನು ಹೊದ್ದು ಕೂರುತ್ತವೆ. ಈ ಸ್ಥಿತಿಯಲ್ಲಿ ಸಾಮಾನ್ಯ ಪ್ರಮಾಣದ ಕ್ಲೋರಿನ್ ಅವುಗಳನ್ನು ಸುಲಭವಾಗಿ ಕೊಲ್ಲಲಾರದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಇಂತಹದೇ ಪ್ರೊಟಿಸ್ಟ್ ಶುದ್ಧೀಕರಿಸಿದ ಸಾರ್ವಜನಿಕ ನೀರಿನ ಮೂಲಕ ಹರಡಿ ಸುಮಾರು 4 ಲಕ್ಷ ಜನರು ಅಸ್ವಸ್ಥರಾದರು. ಇವುಗಳಿಗೆಲ್ಲ ಸುಲಭದ ಮದ್ದು ಕುದಿಸುವುದು. ನೀರು ಒಂದು ನಿಮಿಷ ಚೆನ್ನಾಗಿ ಕುದಿದರೆ ಯಾವ ಕವಚವೂ ಉಳಿಯದು. ಮಳೆಗಾಲದಲ್ಲಿ ನೀರನ್ನು ಕುದಿಸಿ ಆರಿಸಿ ಕುಡಿಯಿರೆಂದು ಮನೆಯ ಹಿರಿಯರು ಹೇಳುತ್ತಿದ್ದ ಮಾತಿಗೆ ವಿಜ್ಞಾನದ ಬೆಂಬಲವಿದೆ.

ಕಟ್ಟಡದ ಮೇಲಿನ ನೀರಿನ ತೊಟ್ಟಿಗಳನ್ನು ಕಾಲಕಾಲಕ್ಕೆ ತೊಳೆಸಿ ಮುಚ್ಚಿಡುವುದು, ಬಾಲ್ಕನಿಯ ಹೂಕುಂಡದ ತಟ್ಟೆಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು, ಊಟಕ್ಕೆ ಮೊದಲು ಕೈತೊಳೆಯುವುದು ಇವೂ ಅಷ್ಟೇ ಮುಖ್ಯ. 2024ರಿಂದೀಚೆಗೆ ಕೇರಳದಲ್ಲಿ ವರದಿಯಾದ ಮಿದುಳಿನ ಅಮೀಬಾ ಸೋಂಕಿನ ಪ್ರಕರಣಗಳು ಇನ್ನೊಂದು ಎಚ್ಚರಿಕೆಯನ್ನು ಕೊಟ್ಟಿವೆ. ನೈಗ್ಲೇರಿಯಾ ಎಂಬ ಈ ಅಮೀಬಾ ಕುಡಿದ ನೀರಿನಿಂದಲ್ಲ, ಮೂಗಿನೊಳಕ್ಕೆ ಸೇರಿದ ನೀರಿನಿಂದ ಮಿದುಳನ್ನು ತಲಪುತ್ತದೆ. ಇಂತಹ ಸೋಂಕು ಬಹಳ ವಿರಳವಾದರೂ ಮಾರಕವಾದುದು. ರಜೆಯಲ್ಲಿ ಊರಿಗೆ ಹೋದ ಮಕ್ಕಳು ಬೇಸಗೆಯಲ್ಲಿ ಬೆಚ್ಚಗಾಗಿ ನಿಂತ ಹೊಂಡದ ನೀರಿಗೆ ಧುಮುಕದಂತೆ ಹಿರಿಯರು ನೋಡಿಕೊಳ್ಳಬೇಕು.

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆ ಪ್ರೊಟಿಸ್ಟ್‌ಗಳಿಗೆ ಒಪ್ಪುತ್ತದೆ. ಅಪಕೀರ್ತಿಯೂ ಅಷ್ಟೇ ದೊಡ್ಡದೆಂದು ಸೇರಿಸಬೇಕಾಗಬಹುದು. ಉಸಿರನ್ನು ಕೊಡುವವೂ ಇವೇ, ಜ್ವರವನ್ನು ತರುವವೂ ಇವೇ. ಯಾವುದು ಮಿತ್ರ, ಯಾವುದು ಶತ್ರು, ಯಾವುದು ಯಾರ ದಾಯಾದಿ ಎಂದು ತಿಳಿದುಕೊಂಡಷ್ಟೂ ನಮ್ಮ ಆರೋಗ್ಯವೂ ಬೆಳೆಯೂ ಭದ್ರ. ಮಕ್ಕಳಿಗೆ ಶಾಲೆಯಲ್ಲಿ ಸೂಕ್ಷ್ಮದರ್ಶಕ ದೊರೆತಾಗ ಹೂಕುಂಡದ ತಟ್ಟೆಯ ಒಂದು ಹನಿ ನೀರನ್ನು ಅದರಡಿ ಇಟ್ಟು ನೋಡಲು ಹೇಳಿ. ಲೀವೆನ್‌ಹುಕ್ ಕಂಡ ಲೋಕ ಅವರಿಗೂ ಕಂಡೀತು.